ಗೂಟ ಬೀಳಲಿಲ್ಲ

ಆಟಗಳ ವಿಷಯವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ಕಾರವಾರದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ನಾನು ಎಸೆದ ಚೆಂಡು ನಾನು ನೋಡಿದ ಕಡೆಗೆ ಹೋದದ್ದು ಕಡಿಮೆ. ಆದರೂ ಇಂಗ್ಲಿಷಿನ ಒಂದು ಕ್ರೀಡಾಶಬ್ದ ಐವತ್ತು ವರ್ಷಗಳಿಂದ ನನ್ನ ಬೆನ್ನು ಹತ್ತಿದೆ. ಆ ಶಬ್ದ ‘ವಿಕೆಟ್’. ಅದನ್ನು ಒಮ್ಮೆ ನಾನು ಕನ್ನಡಕ್ಕೆ ತಪ್ಪಾಗಿ ತಂದೆ. ಆ ತಪ್ಪಿಗೆ ದಂಡ ತೆತ್ತವನು ಮಾತ್ರ ನನ್ನ ಕನ್ನಡವನ್ನು ನಂಬಿದ ಒಬ್ಬ ಹುಡುಗ. ಈ ಹೊತ್ತು ಆ ಕಥೆಯನ್ನೂ, ಅದರ ನೆಪದಲ್ಲಿ ಆಟದ ಮಾತುಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವ ಬಗೆಯನ್ನೂ ತಮ್ಮ ಮುಂದೆ ಇಡಬಯಸುತ್ತೇನೆ.

ಅದು 1974ರ ಬೇಸಗೆ. ಹಿಂದಿನ ವರ್ಷದ ನವೆಂಬರ್ 1ರಂದು ನಮ್ಮ ರಾಜ್ಯ ಮೈಸೂರು ಎಂಬ ಹೆಸರನ್ನು ಬಿಟ್ಟು ಕರ್ನಾಟಕವಾಗಿತ್ತು. ಹೊಸ ಹೆಸರಿನ ತಂಡ ಮೊದಲ ವರ್ಷವೇ ರಣಜಿ ಟ್ರೋಫಿಯನ್ನು ಗೆದ್ದು ತಂದಿತು. 1958–59ರಿಂದ ಹದಿನೈದು ವರ್ಷ ಒಂದೇ ಸಮನೆ ಆ ಟ್ರೋಫಿ ಮುಂಬಯಿಯವರ ಕೈಯಲ್ಲಿತ್ತು. ಪ್ರಸನ್ನ, ಚಂದ್ರಶೇಖರ, ವಿಶ್ವನಾಥರ ತಂಡ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಮುಂಬಯಿಯನ್ನು ತಡೆದು, ಜಯಪುರದ ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಸೋಲಿಸಿತು. ನಮ್ಮ ಜಿಲ್ಲೆಯವರಿಗೆ ಈ ಗೆಲುವು ಸ್ವಲ್ಪ ವಿಚಿತ್ರವಾದದ್ದು. 1862ರಿಂದ 1956ರವರೆಗೆ ನಾವು ಮುಂಬಯಿಯ ಆಡಳಿತಕ್ಕೆ ಸೇರಿದವರು. ಮನೆಗೊಬ್ಬ ಮುಂಬಯಿಯಲ್ಲಿ ನೌಕರಿಗಿದ್ದ ಕಾಲವದು. ಹೀಗಾಗಿ ಗೆದ್ದವರೂ ನಮ್ಮವರೇ, ಸೋತವರೂ ಅಷ್ಟಿಷ್ಟು ನಮ್ಮವರೇ. ಏನೇ ಇರಲಿ, ಆ ವರ್ಷ ಕೊಯ್ಲು ಮುಗಿದ ಗದ್ದೆಗಳಲ್ಲೆಲ್ಲ ಹುಡುಗರು ಗೂಟ ಹುಗಿದರು. ತೆಂಗಿನ ಮಡಲಿನ ಬುಡವನ್ನು ಕೆತ್ತಿ ಬ್ಯಾಟು ಮಾಡಿಕೊಂಡರು.

ಅಂಕೋಲೆಯ ಹತ್ತಿರದ ಒಂದು ಹಳ್ಳಿಯವರು ಪಂದ್ಯಾವಳಿಯೊಂದನ್ನು ಏರ್ಪಡಿಸಿದರು. ಕಾರವಾರದಿಂದ ಕಾಲೇಜು ಹುಡುಗರ ಒಂದು ತಂಡ, ಸುತ್ತಲಿನ ಹಳ್ಳಿಗಳಿಂದ ಏಳೆಂಟು ತಂಡ. ಹಳ್ಳಿಯ ಹುಡುಗರಲ್ಲಿ ಹೆಚ್ಚಿನವರು ರೇಡಿಯೊ ಕೇಳಿ, ಇತರರನ್ನು ನೋಡಿ ಆಟ ಕಲಿತವರು. ನಿಯಮಗಳ ಪುಸ್ತಕವನ್ನು ಕಂಡವರಲ್ಲ. ಜಗಳವಾಗದಿರಲೆಂದು ಮುಖ್ಯ ನಿಯಮಗಳನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ನನ್ನನ್ನು ಕೇಳಿದರು. ನಾನು ಹಿಗ್ಗಿದೆ. ಉಪ್ಪಿನ ಸತ್ಯಾಗ್ರಹ ನಡೆದ ನೆಲದಲ್ಲಿ ಇಂಗ್ಲಿಷರ ಆಟವನ್ನು ಕನ್ನಡದಲ್ಲಿ ಆಡಿಸುವ ಭಾಗ್ಯ ಎಲ್ಲರಿಗೂ ಬರುವುದಿಲ್ಲವಷ್ಟೆ. ಮೆರಿಲ್‌ಬೋನ್ ಕ್ಲಬ್ಬಿನ ನಿಯಮಾವಳಿಯನ್ನು ಎದುರಿಗಿಟ್ಟುಕೊಂಡು ಎರಡು ರಾತ್ರಿ ಕುಳಿತು ನಾಲ್ಕು ಪುಟ ಬರೆದೆ. ಬೌಲರ್ ಎಸೆತಗಾರನಾದ. ಬ್ಯಾಟ್ಸ್‌ಮನ್ ದಾಂಡಿಗನಾದ. ರನ್ನು ಓಟವಾಯಿತು. ಅಂಪೈರ್ ತೀರ್ಪುಗಾರನಾದ. ವಿಕೆಟ್ ಎಂದಿದ್ದಲ್ಲೆಲ್ಲ ‘ಗೂಟ’ ಎಂದು ಬರೆದೆ. ‘ವಿಕೆಟ್ ಬಿದ್ದರೆ’ ಎಂಬುದು ತಾನಾಗಿಯೇ ‘ಗೂಟ ಬಿದ್ದರೆ’ ಎಂದಾಯಿತು. ಅಚ್ಚಗನ್ನಡದ ಮಾತು; ನಾನೇ ಎರಡು ಸಲ ಓದಿ ಮೆಚ್ಚಿಕೊಂಡೆ. ಹಾಳೆಗಳು ಸೈಕ್ಲೋಸ್ಟೈಲ್ ಆಗಿ ಎಲ್ಲ ತಂಡಗಳಿಗೂ ಹೋದವು.

ಎರಡನೆಯ ದಿನದ ಕೊನೆಯ ಪಂದ್ಯ. ಕಾರವಾರದವರ ಎದುರು ಗಂಗಾವಳಿ ಹೊಳೆಯ ದಂಡೆಯ ಒಂದು ಹಳ್ಳಿಯ ತಂಡ. ಹಳ್ಳಿಯವರಿಗೆ ಗೆಲ್ಲಲು ಇನ್ನು ಹತ್ತು ಹನ್ನೆರಡು ಓಟ ಸಾಕು. ಕೈಯಲ್ಲಿ ದಾಂಡು ಹಿಡಿದವನು ಅವರ ಅತ್ಯುತ್ತಮ ಆಟಗಾರ, ಹದಿನೇಳು ಹದಿನೆಂಟರ ಹುಡುಗ. ಎರಡನೆಯ ಓಟಕ್ಕೆಂದು ಓಡಿ ಬರುವಾಗ ಚೆಂಡು ಅವನಿಗಿಂತ ಮೊದಲು ಬಂದಿತು. ಗೂಟದ ಹಿಂದೆ ನಿಂತವನು ಚೆಂಡು ಹಿಡಿದ ಕೈಯಿಂದ ಗೂಟವನ್ನು ಮೆಲ್ಲಗೆ ತಟ್ಟಿದ. ಮೇಲಿಟ್ಟ ಎರಡು ಚಿಕ್ಕ ಕಡ್ಡಿಗಳಲ್ಲಿ ಒಂದು ಉದುರಿತು. ಗೂಟಗಳು ಮಾತ್ರ ಅಲುಗಲಿಲ್ಲ. ಮೇ ತಿಂಗಳಿನ ಗದ್ದೆಯ ಮಣ್ಣು ಕಲ್ಲಿನಂತಹದು. ಬೆಳಿಗ್ಗೆ ಕೊಡತಿಯಿಂದ ಬಡಿದು ಹುಗಿದ ಗೂಟಗಳವು. ತೀರ್ಪುಗಾರ ಬೆರಳೆತ್ತಿದ. ಹುಡುಗ ಕದಲಲಿಲ್ಲ. “ಗೂಟ ಬೀಳಲಿಲ್ಲ” ಎಂದ. ಅಂಗಿಯ ಕಿಸೆಯಿಂದ ಮಡಚಿದ ಹಾಳೆಯನ್ನು ತೆಗೆದು, ನಿಯಮವನ್ನು ಎಲ್ಲರಿಗೂ ಕೇಳಿಸುವಂತೆ ಓದಿದ. ಶಾಲೆಯ ಪಾಠ ಓದುವವನ ಹಾಗೆ, ತಡವರಿಸದೆ ಓದಿದ.

ಎರಡೂ ಕಡೆಯವರು ಗುಂಪುಗೂಡಿದರು. ಕೊನೆಗೆ ನನ್ನನ್ನೇ ಕರೆದು ಬಯಲಿನ ನಡುವೆ ನಿಲ್ಲಿಸಿದರು. ಇಂಗ್ಲಿಷ್ ಪುಸ್ತಕದಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಕಡ್ಡಿಗಳಲ್ಲಿ ಒಂದಾದರೂ ಪೂರ್ತಿ ಕೆಳಗುರುಳಿದರೆ ಸಾಕು, ವಿಕೆಟ್ ಬಿದ್ದಂತೆಯೇ. ಇಲ್ಲವೇ ಗೂಟವೊಂದು ನೆಲದಿಂದ ಕಿತ್ತುಹೋಗಬೇಕು. ನಾನು ಬರೆದದ್ದು ಎರಡನೆಯದನ್ನು ಮಾತ್ರ ಹೇಳುತ್ತಿತ್ತು. “ನಿಯಮ ಹಾಗಲ್ಲ, ನಾನು ಬರೆದದ್ದು ತಪ್ಪು” ಎಂದು ಬಾಯಿ ಬಿಟ್ಟು ಹೇಳುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹುಡುಗ ವಾದಿಸಲಿಲ್ಲ. ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿ ನನ್ನ ಕೈಯಲ್ಲಿಟ್ಟು, “ಇಂಗ್ಲಿಷ್ ಬಂದವ್ರಿಗೆ ಒಂದು ನಿಯಮ, ನಮಗೊಂದು ನಿಯಮ ಆಯ್ತಲ್ಲ ಮಾಸ್ತರೆ” ಎಂದು ನಡೆದುಬಿಟ್ಟ. ಆ ತಂಡ ನಾಲ್ಕು ಓಟಗಳಿಂದ ಸೋತಿತು.

ಸಂಜೆ ಜನ ಚದುರಿದ ಮೇಲೆ ಗದ್ದೆಯ ಹಾಳಿಯ ಮೇಲೆ ಕುಳಿತಿದ್ದ ಮುದುಕರೊಬ್ಬರು ನನ್ನನ್ನು ಕರೆದರು. ಆ ಗದ್ದೆಯ ಒಡೆಯರು. ಕ್ರಿಕೆಟ್ ಅವರಿಗೆ ತಿಳಿಯದು. ಎರಡು ದಿನ ಸುಮ್ಮನೆ ನೋಡಿದ್ದರು, ಅಷ್ಟೆ. “ನಿಮ್ಮ ಜಗಳವೇ ನಂಗೆ ತಿಳೀಲಿಲ್ಲ ಮಾಸ್ತರೆ. ದಣಪೆಯ ಕಂಬ ಗಟ್ಟಿ ನಿಂತಿದ್ರೇನು? ಅಡ್ಡಬಿದಿರು ಬಿತ್ತು ಅಂದ್ರೆ ದನ ಒಳಗೆ ಬಂತು ಅಂತ್ಲೇ ಅಲ್ವಾ?” ಎಂದರು.

ಪೇಟೆಯಲ್ಲಿ ಬೆಳೆದವರಿಗಾಗಿ ದಣಪೆಯೆಂದರೇನೆಂದು ಹೇಳಬೇಕು. ನಮ್ಮ ಕಡೆ ಮನೆಯ ಹಿತ್ತಿಲಿಗೋ ಗದ್ದೆಗೋ ಬೇಲಿ ಹಾಕಿದಾಗ ಹೋಗಿ ಬರಲು ಒಂದು ಕಂಡಿ ಬಿಡುತ್ತಾರೆ. ಅದರ ಎರಡು ಬದಿಗೂ ಒಂದೊಂದು ಕಂಬ, ಕಂಬಗಳಿಗೆ ತೂತು, ಆ ತೂತುಗಳಲ್ಲಿ ಅಡ್ಡಲಾಗಿ ತೂರಿಸಿದ ಬಿದಿರು. ಮನುಷ್ಯರು ಒಂದೆರಡು ಬಿದಿರನ್ನು ಸರಿಸಿ ದಾಟುತ್ತಾರೆ. ದನಕ್ಕೆ ಅದು ಸಾಧ್ಯವಿಲ್ಲ. ಇದೇ ದಣಪೆ. ಮಲೆನಾಡಿನಲ್ಲಿ ಉಣುಗೋಲು ಎಂದು ಕರೆಯುವುದು ಇಂಥದನ್ನೇ.

ಆ ರಾತ್ರಿ ಕಾರವಾರಕ್ಕೆ ಮರಳಿದವನೇ ನಿಘಂಟು ತೆರೆದೆ. ಎರಡು ದಿನ ಮೊದಲೇ ತೆರೆಯಬೇಕಾಗಿತ್ತು. ವಿಕೆಟ್ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಮೂಲದ ಅರ್ಥವೇ ಚಿಕ್ಕ ಬಾಗಿಲು. ಕೋಟೆಯ ಹೆಬ್ಬಾಗಿಲಲ್ಲಿ ಒಬ್ಬೊಬ್ಬರೇ ನುಸುಳಲು ಇಟ್ಟ ನಮ್ಮ ದಿಡ್ಡಿಬಾಗಿಲೂ ವಿಕೆಟ್ಟೇ, ಬೇಲಿಯ ಕಂಡಿಯ ಸಣ್ಣ ಗೇಟೂ ವಿಕೆಟ್ಟೇ. ಹಳೆಯ ಕಾಲದ ಇಂಗ್ಲೆಂಡಿನಲ್ಲಿ ಕ್ರಿಕೆಟ್ ಆಡುವಾಗ ನೆಡುತ್ತಿದ್ದವು ಎರಡೇ ಗೂಟ. ಅವುಗಳ ಮೇಲೆ ಅಡ್ಡಲಾಗಿ ಒಂದೇ ಕಡ್ಡಿ. ನೋಡುವವರಿಗೆ ಅದು ಬೇಲಿಯ ಬಾಗಿಲಿನಂತೆಯೇ ಕಂಡಿರಬೇಕು. 1775ರಲ್ಲಿ ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ನಡೆದ ಒಂದು ಪಂದ್ಯದಲ್ಲಿ ಸ್ಟೀವನ್ಸ್ ಎಂಬ ಎಸೆತಗಾರನ ಚೆಂಡು ಮೂರು ಸಲ ಎರಡು ಗೂಟಗಳ ನಡುವಿನಿಂದಲೇ ಹಾದುಹೋಯಿತು. ಕಡ್ಡಿ ಬೀಳಲಿಲ್ಲ, ಜಾನ್ ಸ್ಮಾಲ್ ಎಂಬ ದಾಂಡಿಗ ಉಳಿದುಕೊಂಡ. ಇದು ಅನ್ಯಾಯವೆಂದು ಕಂಡದ್ದರಿಂದ ನಡುವೆ ಮೂರನೆಯ ಗೂಟ ಬಂದಿತು. ಈಗ ಮೂರು ಗೂಟ, ಎರಡು ಕಡ್ಡಿ. ನೆಲದಿಂದ 28 ಅಂಗುಲ ಎತ್ತರ, ಒಟ್ಟು 9 ಅಂಗುಲ ಅಗಲ. ಬಾಗಿಲಿನ ರೂಪ ಮರೆಯಾಯಿತು, ಹೆಸರು ಉಳಿಯಿತು. ನ್ಯಾಯದ ಮೂಲವೂ ಉಳಿಯಿತು. ಅಡ್ಡಕಡ್ಡಿ ಬಿದ್ದರೆ ಬಾಗಿಲು ತೆರೆದಂತೆ. ಕಂಬಗಳ ಗತಿ ಏನಾಯಿತೆಂಬುದು ಮುಖ್ಯವಲ್ಲ. ನಿಘಂಟನ್ನು ನೋಡದೆ, ಒಂದಕ್ಷರ ಇಂಗ್ಲಿಷ್ ಬಾರದೆ, ಗದ್ದೆಯ ಹಾಳಿಯ ಮೇಲೆ ಕುಳಿತ ಆ ಮುದುಕರು ಶಬ್ದದ ಬೇರನ್ನೇ ಮುಟ್ಟಿದ್ದರು.

ನಾನು ಕಣ್ಣಿಗೆ ಕಂಡದ್ದನ್ನು ಅನುವಾದಿಸಿದ್ದೆ. ಅವರು ಆ ವಸ್ತು ಮಾಡುವ ಕೆಲಸವನ್ನು ಗ್ರಹಿಸಿದ್ದರು. ಕಾವ್ಯದ ಅನುವಾದದಲ್ಲಿ ಒಂದು ಶಬ್ದ ಆಚೀಚೆಯಾದರೆ ರಸ ಸ್ವಲ್ಪ ಕಡಿಮೆಯಾದೀತು, ಓದುಗ ಸಹಿಸಿಕೊಂಡಾನು. ಆಟದ ಶಬ್ದ ಹಾಗಲ್ಲ. ಅದು ಹೆಸರೂ ಹೌದು, ಕಾನೂನೂ ಹೌದು. ಅದರ ಮೇಲೆ ಒಬ್ಬನು ಒಳಗುಳಿಯುತ್ತಾನೆ, ಒಬ್ಬನು ಹೊರಗೆ ನಡೆಯುತ್ತಾನೆ.

ಇದಾದ ಮೇಲೆ ಪತ್ರಿಕೆಗಳ ಕ್ರೀಡಾಪುಟವನ್ನು ಓದುವುದು ನನಗೊಂದು ಚಟವಾಯಿತು. ವಿಕೆಟ್ಟನ್ನು ಕನ್ನಡ ಪತ್ರಿಕೆಗಳು ಎಷ್ಟು ಬಗೆಯಲ್ಲಿ ಹಿಡಿಯಲು ನೋಡಿವೆಯೆಂಬುದೇ ಒಂದು ಸ್ವಾರಸ್ಯದ ಚರಿತ್ರೆ. ಕಷ್ಟವಿರುವುದು ಇಂಗ್ಲಿಷಿನಲ್ಲೇ. ಗೂಟ ಕಡ್ಡಿಗಳ ಆ ಕಟ್ಟು ವಿಕೆಟ್. ಎರಡು ಕಟ್ಟುಗಳ ನಡುವಿನ 22 ಗಜದ ನೆಲವೂ ಮಾತಿನಲ್ಲಿ ವಿಕೆಟ್. ಮಳೆ ಬಂದು ಅದು ಒದ್ದೆಯಾಗುತ್ತದೆ. ದಾಂಡಿಗ ಔಟಾದರೆ ಅದೂ ವಿಕೆಟ್. ಎಸೆತಗಾರ ಅದನ್ನು ಪಡೆಯುತ್ತಾನೆ, ತಂಡ ಅದನ್ನು ಕಳೆದುಕೊಳ್ಳುತ್ತದೆ. ಇಬ್ಬರು ಜೊತೆಯಾಗಿ ಆಡಿದ ಆಟವನ್ನು ಎಣಿಸುವುದೂ ಇಷ್ಟನೆಯ ವಿಕೆಟ್ಟಿಗೆ ಎಂದೇ. ನಾನು ಎಲ್ಲ ಕಡೆಗೂ ‘ಗೂಟ’ ಹಾಕಿದ್ದರಿಂದ ನನ್ನ ಹಾಳೆಯಲ್ಲಿ ‘ಗೂಟ ಒದ್ದೆಯಾಗಿದ್ದರೆ ಆಟವನ್ನು ಮುಂದೂಡತಕ್ಕದ್ದು’ ಎಂಬ ಇನ್ನೊಂದು ಅದ್ಭುತವೂ ಇದ್ದಿತು. ಮೇ ತಿಂಗಳಾದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಕೆಲವು ಬರಹಗಾರರು ‘ಹುದ್ದರಿ’ ಎಂಬ ಮಾತನ್ನು ತಂದರು. ‘ಐದು ಹುದ್ದರಿಗಳ ನಷ್ಟಕ್ಕೆ’ ಎಂದು ಓದಿದ ನೆನಪು ತಮ್ಮಲ್ಲಿ ಹಲವರಿಗಿರಬಹುದು. ಗಂಭೀರವಾದ ಮಾತೇ. ಆದರೆ ನಮ್ಮ ಕಡೆಯ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ದರಿ’ ಎಂಬ ಹಲಗೆ ತೂಗುವುದನ್ನು ಕಂಡವರ ಕಿವಿಗೆ ಅದು ಕಿರಾಣಿ ಅಂಗಡಿಯ ಸಾಲದಂತೆ ಕೇಳಿಸಿತು. ‘ಗೂಟರಕ್ಷಕ’ ಎಂಬುದೂ ಬಂತು. ಒಳ್ಳೆಯ ಮಾತು, ಆದರೆ ಮೈದಾನದಲ್ಲಿ ಕೂಗಿ ಕರೆಯಲು ಉದ್ದವಾಯಿತು. ಇವೆಲ್ಲವನ್ನೂ ದಾಟಿ ಇಂದು ‘ವಿಕೆಟ್’ ಎಂಬುದೇ ಕನ್ನಡವಾಗಿ ನಿಂತಿದೆ. ವಿಕೆಟ್ಟು, ವಿಕೆಟ್ಟಿಗೆ, ವಿಕೆಟ್ಟುಗಳು ಎಂದು ನಮ್ಮ ಪ್ರತ್ಯಯಗಳನ್ನೆಲ್ಲ ತೊಟ್ಟುಕೊಂಡು ನಿಂತಿದೆ.

ಹಾಗೆಂದು ಕನ್ನಡ ಸೋತಿತೆಂದು ಹೇಳಲಾರೆ. ಗೆದ್ದ ಮಾತುಗಳೂ ಬೇಕಾದಷ್ಟಿವೆ. ಅವು ಏಕೆ ಗೆದ್ದವೆಂಬುದನ್ನು ನೋಡಬೇಕು. ‘ಶತಕ’ವನ್ನು ನೋಡಿ. ನೂರು ಪದ್ಯಗಳ ಕೃತಿಗೆ ಶತಕವೆನ್ನುವುದು ನಮ್ಮಲ್ಲಿ ಹಳೆಯ ರೂಢಿ. ಹರಿಹರನ ಪಂಪಾಶತಕವಿದೆ, ಸೋಮೇಶ್ವರ ಶತಕವನ್ನು ಕೇಳದ ಕನ್ನಡಿಗನಿಲ್ಲ. ನೂರು ಓಟಗಳಿಗೆ ಆ ಹೆಸರನ್ನು ಯಾರು ಮೊದಲು ಇಟ್ಟರೋ, ಅವರು ಹೊಸ ಶಬ್ದವನ್ನು ಹುಟ್ಟಿಸಲಿಲ್ಲ. ಮನೆಯಲ್ಲಿದ್ದ ಪಾತ್ರೆಯನ್ನು ತೊಳೆದು ಹೊಸ ಅಡಿಗೆಗೆ ಬಳಸಿದರು. ‘ಆಕಾಶವಾಣಿ’ಯೂ ಹಾಗೆಯೇ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಒಪ್ಪಿದ ಆ ಪುರಾಣದ ಮಾತು ಮುಂದೆ ಇಡೀ ದೇಶದ ರೇಡಿಯೊಕ್ಕೆ ಹೆಸರಾಯಿತು. ‘ದಾಂಡು’ ಚಿನ್ನಿದಾಂಡಿನಿಂದ ಬಂದದ್ದು. ಅದನ್ನು ಹಿಡಿದ ಕೈಗಳಿಗೆ ಬ್ಯಾಟು ಹೊಸತೆನಿಸಲಿಲ್ಲ. ‘ಓಟ’ ನಿಜವಾಗಿ ಓಡುವುದೇ. ಆದರೆ ‘ದಾಂಡಿಗ’ನಿಗೂ ಈಗ ತೊಡಕು ಬಂದಿದೆ. ಹೆಂಗಸರ ಆಟ ಬೆಳೆದಂತೆ ಇಂಗ್ಲಿಷಿನವರು 2021ರಲ್ಲಿ ನಿಯಮಾವಳಿಯಿಂದ ‘ಬ್ಯಾಟ್ಸ್‌ಮನ್’ ಎಂಬುದನ್ನು ತೆಗೆದು, ಗಂಡಿಗೂ ಹೆಣ್ಣಿಗೂ ಸಲ್ಲುವ ‘ಬ್ಯಾಟರ್’ ಎಂಬ ಮಾತನ್ನಿಟ್ಟರು. ದಾಂಡಿಗನಿಗೆ ಹಾಗೆ ಸುಲಭವಾಗಿ ವೇಷ ಬದಲಿಸಲು ಬರುವುದಿಲ್ಲ.

ನಮ್ಮ ಮಾತು ಅತ್ತ ಹೋಗುವಾಗಲೂ ಇದೇ ಪಾಡು. ಮಹಾಭಾರತದ ಆದಿಪರ್ವದಲ್ಲಿ ಕುರುಕುಮಾರರು ಊರ ಹೊರಗೆ ಆಡುತ್ತಿರುವಾಗ ಅವರ ಆಟದ ವಸ್ತು ಬಾವಿಗೆ ಬೀಳುತ್ತದೆ. ದ್ರೋಣರು ಹುಲ್ಲುಕಡ್ಡಿಗಳನ್ನು ಒಂದಕ್ಕೊಂದು ಚುಚ್ಚಿ ಅದನ್ನು ಮೇಲೆತ್ತುತ್ತಾರೆ. ಮೂಲದಲ್ಲಿರುವ ಮಾತು ‘ವೀಟಾ’. ವ್ಯಾಖ್ಯಾನಕಾರ ನೀಲಕಂಠ ಅದನ್ನು ಕೋಲಿನಿಂದ ಹೊಡೆಯುವ, ಜವೆಕಾಳಿನಂತೆ ಎರಡೂ ತುದಿ ಚೂಪಾದ ಮರದ ತುಂಡು ಎಂದು ವಿವರಿಸುತ್ತಾನೆ. ಎಂದರೆ ನಮ್ಮ ಚಿನ್ನಿಯೇ. 1883ರಿಂದ 1896ರವರೆಗೆ ಕಲಕತ್ತೆಯಲ್ಲಿ ಪ್ರಕಟವಾದ ಗಂಗೂಲಿಯವರ ಇಂಗ್ಲಿಷ್ ಅನುವಾದದಲ್ಲಿ ಅದು ಚೆಂಡಾಯಿತು. ಇಂಗ್ಲಿಷ್ ಓದುಗನಿಗೆ ಬೇಗ ತಿಳಿಯಲೆಂದು ಹಾಗೆ ಮಾಡಿರಬಹುದು. ಆದರೆ ಕಾರವಾರದ ಕೊಂಕಣಿ, ಮರಾಠಿ ಮನೆಗಳ ಮಕ್ಕಳು ಚಿನ್ನಿದಾಂಡಿಗೆ ‘ವಿಟಿದಾಂಡು’ ಎನ್ನುತ್ತಿದ್ದುದನ್ನು ಕೇಳಿ ಬೆಳೆದ ನನಗೆ, ಆ ಚೆಂಡನ್ನು ಕಂಡಾಗಲೆಲ್ಲ ಏನನ್ನೋ ಕಳೆದುಕೊಂಡ ಹಾಗಾಗುತ್ತದೆ. ದ್ರೋಣರ ಹುಲ್ಲುಕಡ್ಡಿ ಚೆಂಡಿಗಿಂತ ಮರದ ತುಂಡಿನಲ್ಲಿ ನಾಟಿದರೇ ಹೆಚ್ಚಿನ ಪವಾಡವಲ್ಲವೇ?

ಇದು ನಮ್ಮೊಬ್ಬರ ತೊಂದರೆಯೇ ಎಂದು ಯೋಚಿಸುತ್ತಿದ್ದಾಗ ಉತ್ತರ ಸಿಕ್ಕಿದ್ದು ನೆರೆಯಲ್ಲಿಯೇ. ಕಾರವಾರದ ಕಾಳಿ ಹೊಳೆಯನ್ನು ದಾಟಿ, ಸದಾಶಿವಗಡವನ್ನು ಬಳಸಿ, ಮಾಜಾಳಿಯ ಗಡಿ ಮುಟ್ಟಿದರೆ ಅತ್ತ ಗೋವೆ. 1961ರ ಡಿಸೆಂಬರಿನವರೆಗೆ ಅಲ್ಲಿ ಪೋರ್ತುಗೀಜರ ಆಳಿಕೆ. ನಮ್ಮವರ ಪ್ರಾಣ ಕ್ರಿಕೆಟ್ಟಿನಲ್ಲಿದ್ದರೆ ಅವರದು ಫುಟ್‌ಬಾಲಿನಲ್ಲಿ. ಅಲ್ಲಿ ಪೋರ್ತುಗೀಜ ಕಲಿತು, ಅದರ ಒಡಹುಟ್ಟಿದ ಭಾಷೆಯಾದ ಸ್ಪ್ಯಾನಿಷನ್ನೂ ಓದಬಲ್ಲವರಾಗಿದ್ದ ಮಿತ್ರರೊಬ್ಬರಿಗೆ ನನ್ನ ಗೂಟದ ಕಥೆಯನ್ನು ಹೇಳಿದೆ. ಅವರು ನಕ್ಕು, “ಇಪ್ಪತ್ತು ದೇಶಗಳ ಸ್ಪ್ಯಾನಿಷ್ ಜನರೇ ಒಂದು ಚೆಂಡಿನ ಹೆಸರಿಗೆ ಹೊಡೆದಾಡಿದ್ದಾರೆ, ನಿಮ್ಮದೇನು ಮಹಾ?” ಎಂದರು.

ಅವರು ಹೇಳಿದ್ದನ್ನು ಮುಂದೆ ನಾನೂ ಓದಿ ತಿಳಿದುಕೊಂಡೆ. ಫುಟ್‌ಬಾಲ್ ಸ್ಪೇನಿಗೆ ಹೋದಾಗ ಜನ ಅದನ್ನು ಕಿವಿಗೆ ಕೇಳಿದಂತೆ ‘ಫುಟ್‌ಬೋಲ್’ ಎಂದರು. ಮರಿಯಾನೊ ದೆ ಕಾವಿಯಾ ಎಂಬ ಪತ್ರಕರ್ತನಿಗೆ ಅದು ಸಹಿಸಲಿಲ್ಲ. 1908ರಲ್ಲಿ ಆತ, ಚೆಂಡು ಮತ್ತು ಪಾದ ಎಂಬ ಎರಡು ಸ್ಪ್ಯಾನಿಷ್ ಮಾತುಗಳನ್ನು ಕೂಡಿಸಿ ‘ಬಲೊಂಪಿಯೆ’ ಎಂಬ ಶಬ್ದವನ್ನು ಬಳಕೆಗೆ ತರಬೇಕೆಂದು ಬರೆದ. ಶುದ್ಧವಾದ ಮಾತು, ಅರ್ಥಕ್ಕೆ ಸರಿಯಾದ ಮಾತು. ನಿಘಂಟೂ ಅದನ್ನು ಒಪ್ಪಿಕೊಂಡಿತು. ಆದರೆ ಆಡುವವರ ಬಾಯಿ ಒಪ್ಪಲಿಲ್ಲ. ಇಂದು ಅದು ಸೆವಿಲ್ಯ ಪಟ್ಟಣದ ರೆಯಾಲ್ ಬೆತಿಸ್ ಬಲೊಂಪಿಯೆ ಎಂಬ ಕ್ಲಬ್ಬಿನ ಹೆಸರಿನಲ್ಲಿಯೂ, ಬರಹಗಾರರು ಒಂದೇ ಮಾತನ್ನು ಪದೇ ಪದೇ ಹೇಳಬಾರದೆಂದಾಗ ಅವರ ಲೇಖನಿಯ ತುದಿಯಲ್ಲಿಯೂ ಉಳಿದುಕೊಂಡಿದೆ. ನಮ್ಮ ಹುದ್ದರಿಯ ಅಣ್ಣನೆನ್ನಬಹುದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಲಿಯ ಹೆಸರು. ಸ್ಪೇನಿನಲ್ಲಿ ಅವನು ‘ಪೊರ್ತೆರೊ’. ಮನೆಯ ಬಾಗಿಲು ಕಾಯುವವನಿಗೂ ಅದೇ ಹೆಸರು. ಅರ್ಜೆಂಟೀನದ ಕಡೆ ಹೋದರೆ ಅವನು ‘ಅರ್ಕೆರೊ’. ಬಿಲ್ಲುಗಾರನಿಗೂ ಅದೇ ಹೆಸರು. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ ಇರುವ ಅದೇ ಗೋಲನ್ನು ಒಂದು ನಾಡಿನವರು ಬಾಗಿಲೆಂದು ಕಂಡರು. ಇನ್ನೊಂದು ನಾಡಿನವರು ಕಮಾನೆಂದು ಕಂಡರು. ಎರಡೂ ಸ್ಪ್ಯಾನಿಷೇ, ಎರಡೂ ಸರಿಯೇ. ಪೆನಾಲ್ಟಿ ಸ್ಪೇನಿನಲ್ಲಿ ‘ಪೆನಾಲ್ತಿ’, ಅಮೆರಿಕದ ಹಲವು ಸ್ಪ್ಯಾನಿಷ್ ನಾಡುಗಳಲ್ಲಿ ‘ಪೆನಾಲ್’. ಆಫ್‌ಸೈಡ್ ಎಂಬ ತೊಡಕಿನ ಮಾತನ್ನು ಪುಸ್ತಕದಲ್ಲಿ ‘ಆಟದ ಹೊರಗೆ’ ಎಂಬರ್ಥದ ಸ್ಪ್ಯಾನಿಷ್ ಮಾತಾಗಿಸಿದರು. ಅರ್ಜೆಂಟೀನದ ಜನ ಮಾತ್ರ ಅದನ್ನು ‘ಓರ್ಸಾಯ್’ ಎಂದು ಕೂಗಿ ತಮ್ಮದಾಗಿಸಿಕೊಂಡರು. ಹೀಗಿರುವಾಗ ಸರಿಯಾದ ಅನುವಾದ ಯಾವುದೆಂದು ಕೇಳುವವನಿಗೆ, ಯಾವ ಊರಿನ ಮೈದಾನದಲ್ಲಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಕಿವಿಗೆ ಕೇಳಿದಂತೆ ಮಾತನ್ನು ತೆಗೆದುಕೊಳ್ಳುವುದು ನಾಚಿಕೆಯ ಸಂಗತಿಯೂ ಅಲ್ಲ. ಕರಾವಳಿಯವರಾದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮೇಜು, ಚಾವಿ, ಪಗಾರ, ಬಟಾಟೆಗಳೆಲ್ಲ ಪೋರ್ತುಗೀಜರ ಹಡಗಿನಿಂದ ಇಳಿದವು. ಇಸ್ಪೀಟಿನ ಎಲೆಗಳಲ್ಲಿ ಕಳಾವರವೂ ಆಟೀನೂ ಡಚ್ಚರ ಮಾತುಗಳೆಂದು ಬಲ್ಲವರು ಹೇಳುತ್ತಾರೆ. ಅರಳಿಕಟ್ಟೆಯ ಮೇಲೆ ಕುಳಿತು ಎಲೆ ಹಾಕುವವರಿಗೆ ಅವು ಅರಳೀಮರದಷ್ಟೇ ಸ್ವಂತದವು.

ಮಾತೇ ಕಾನೂನಾಗುವುದಕ್ಕೆ ನನ್ನ ಗೂಟಕ್ಕಿಂತ ತೀಕ್ಷ್ಣವಾದ ನಿದರ್ಶನ ಕಬಡ್ಡಿಯಲ್ಲಿದೆ. ಮುಂಬಯಿ ಪ್ರಾಂತದಲ್ಲಿದ್ದಾಗ ನಮ್ಮ ಕಾರವಾರದ ಕಡೆ ಅದು ‘ಹುತುತು’. ಮದ್ರಾಸಿನ ಕಡೆ ‘ಚೆಡುಗುಡು’. ಒಂದೊಂದು ಸೀಮೆಗೆ ಒಂದೊಂದು ಹೆಸರು. ದಾಳಿ ಹೋಗುವವನು ಉಸಿರು ಬಿಡದೆ ಕೂಗುವ ಮಾತೂ ಅದೇ. ಮಹಾರಾಷ್ಟ್ರದಲ್ಲಿ ಈ ಆಟಕ್ಕೆ ಬರೆಹದ ನಿಯಮಗಳಾದವು. 1936ರ ಬರ್ಲಿನ್ ಒಲಿಂಪಿಕ್ಸಿನ ಹೊತ್ತಿಗೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ಅದನ್ನು ಅಲ್ಲಿ ಆಡಿ ತೋರಿಸಿದರು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ಹುಟ್ಟಿತು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡೆಗಳಲ್ಲಿ ಆಟಕ್ಕೆ ಪದಕದ ಮರ್ಯಾದೆ ಬಂದಿತು. ಇಷ್ಟೆಲ್ಲ ಆಗಬೇಕಾದರೆ ಹೆಸರೊಂದೇ ಇರಬೇಕಾಯಿತು, ಕೂಗೂ ಒಂದೇ ಆಗಬೇಕಾಯಿತು. ಈಗಿನ ನಿಯಮದಂತೆ ದಾಳಿಗಾರ ‘ಕಬಡ್ಡಿ’ ಎಂದೇ ಸ್ಪಷ್ಟವಾಗಿ ಕೂಗುತ್ತಿರಬೇಕು. ತಪ್ಪಿದರೆ ಅವನನ್ನು ಹಿಂದಕ್ಕೆ ಕಳಿಸಿ ಎದುರಾಳಿಗೆ ಅಂಕ ಕೊಡುತ್ತಾರೆ. ಅಜ್ಜ ಕೂಗಿದ ‘ಹುತುತು’ವನ್ನು ಮೊಮ್ಮಗ ಇಂದಿನ ಪಂದ್ಯದಲ್ಲಿ ಕೂಗಿದರೆ ಅವನ ದಾಳಿ ಅಲ್ಲಿಗೇ ಮುಗಿಯಿತು. ಏಕರೂಪದ ನಿಯಮದಿಂದ ಆಟ ದೇಶ ದಾಟಿತೆಂಬುದು ನಿಜ. ಆ ದಾರಿಯಲ್ಲಿ ಎಷ್ಟೋ ಊರುಗಳ ಮಾತು ಬೇಲಿಯ ಹೊರಗೇ ಉಳಿಯಿತೆಂಬುದೂ ನಿಜ.

ಮತ್ತೆ ನನ್ನ ಹಾಳೆಗೆ ಬರುತ್ತೇನೆ. ಮರುವರ್ಷ ಅದೇ ಊರಿನವರು ಪುನಃ ನನ್ನ ಬಳಿಗೆ ಬಂದರು, ಅವರ ದೊಡ್ಡತನ. ಈ ಸಲ ನಾನು ‘ವಿಕೆಟ್’ ಎಂಬ ಮಾತನ್ನು ಹಾಗೆಯೇ ಇಟ್ಟುಕೊಂಡೆ. ನೆಲ ಎಂದು ಹೇಳಬೇಕಾದಲ್ಲಿ ನೆಲವೆಂದೆ, ಔಟಾಗುವುದೆಂದು ಹೇಳಬೇಕಾದಲ್ಲಿ ಔಟೆಂದೆ. ವಿಕೆಟ್ ಬೀಳುವುದೆಂದರೇನೆಂಬುದಕ್ಕೆ ಒಂದು ಶಬ್ದವನ್ನು ಹುಡುಕುವ ಹಟವನ್ನೇ ಬಿಟ್ಟು, ಮೂರು ಸಾಲು ಬರೆದೆ. ಮೂರು ಗೂಟಗಳ ಮೇಲಿನ ಎರಡು ಕಡ್ಡಿಗಳಲ್ಲಿ ಒಂದಾದರೂ ಪೂರ್ತಿ ಕೆಳಗೆ ಬಿದ್ದರೆ, ಅಥವಾ ಗೂಟವೊಂದು ನೆಲದಿಂದ ಕಿತ್ತುಹೋದರೆ, ವಿಕೆಟ್ ಬಿತ್ತೆಂದು ತಿಳಿಯತಕ್ಕದ್ದು. ದಣಪೆಯ ಅಡ್ಡಬಿದಿರು ಬಿದ್ದರೆ ಕಂಬಗಳು ನಿಂತಿದ್ದರೂ ದಣಪೆ ತೆರೆದಂತೆಯೇ ಹೇಗೋ, ಹಾಗೆ. ನಿಯಮಾವಳಿಯಲ್ಲಿ ಉಪಮಾಲಂಕಾರ ಬಂದದ್ದು ಬಹುಶಃ ಅದೇ ಮೊದಲು.

ಸೈಕ್ಲೋಸ್ಟೈಲಿಗೆ ಕೊಡುವ ಮೊದಲು ಬಸ್ಸು ಹತ್ತಿ ಅಂಕೋಲೆಗೆ ಹೋದೆ. ಅಲ್ಲಿಂದ ನಡೆದು ಹೊಳೆಯ ದಂಡೆಯ ಆ ಹಳ್ಳಿಯನ್ನು ಸೇರಿ ಆ ಹುಡುಗನ ಮನೆಯನ್ನು ಕೇಳಿ ಹುಡುಕಿದೆ. ಅವನು ಬಲೆಯ ಹರಕನ್ನು ಸರಿಪಡಿಸುತ್ತ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಅವನ ತಾಯಿ ಮಣೆ ಹಾಕಿ, ಬೆಲ್ಲ ನೀರು ಕೊಟ್ಟರು. ಹಾಳೆಯನ್ನು ಕೊಟ್ಟು, “ಇದನ್ನು ಓದಪ್ಪ. ಇದನ್ನು ನಂಬಿ ಆಡಿದರೆ ಎಲ್ಲಿ ಮೋಸ ಹೋಗುತ್ತೀಯೆಂದು ಹೇಳು” ಎಂದೆ. ಅವನು ಅರ್ಧ ಗಂಟೆ ಓದಿದ. ಎರಡು ಕಡೆ ಬೆರಳಿಟ್ಟ. ಎರಡೂ ಕಡೆ ಅವನು ಹೇಳಿದ್ದೇ ಸರಿಯಾಗಿತ್ತು. ಅಲ್ಲಿಯೇ ಕುಳಿತು ತಿದ್ದಿದೆ. ಕೊನೆಗೆ “ಈಗ ಆಡ್ಬಹುದು ಮಾಸ್ತರೆ” ಎಂದ. ಅನುವಾದಕ್ಕೆ ನನಗೆ ಸಿಕ್ಕಿದ ಪ್ರಮಾಣಪತ್ರ ಅದೊಂದೇ. ನಿಯಮವನ್ನು ಬರೆದವನು ಮೆಚ್ಚಿದರೆ ಸಾಲದು, ಅದಕ್ಕೆ ತಲೆಬಾಗಬೇಕಾದವನು ಓದಿ ಒಪ್ಪಬೇಕೆಂಬುದನ್ನು ನಾನು ಕಲಿತದ್ದು ಆ ಜಗಲಿಯ ಮೇಲೆ. ಮುಂದೆ ಸರ್ಕಾರದ ಸುತ್ತೋಲೆಗಳ, ಬ್ಯಾಂಕಿನ ನಮೂನೆಗಳ ಕನ್ನಡವನ್ನು ಓದುವಾಗಲೆಲ್ಲ, ಇದನ್ನು ಯಾವ ಜಗಲಿಯ ಮೇಲೆ ಯಾರಿಗೆ ಓದಿ ತೋರಿಸಿದ್ದಾರೋ ಎಂದುಕೊಂಡಿದ್ದೇನೆ.

ಆ ಬಯಲಿನ ಹುಡುಗರು ಬಹಳ ವರ್ಷ ವಿಕೆಟ್ ಬಿದ್ದಾಗ “ದಣಪೆ ಬಿತ್ತು” ಎಂದು ಕೂಗುತ್ತಿದ್ದರು. ಈಗ ಆ ಬಯಲೂ ಇಲ್ಲ, ದಣಪೆಗಳೂ ಇಲ್ಲ. ಬೇಲಿಯಿದ್ದಲ್ಲಿ ಕಲ್ಲಿನ ಕಂಪೌಂಡು, ಕಬ್ಬಿಣದ ಗೇಟು. ಈಚೆಗೆ ನೆರೆಮನೆಯ ಹುಡುಗನಿಗೆ ಈ ಕಥೆಯನ್ನು ಹೇಳುತ್ತಿದ್ದೆ. “ದಣಪೆ ಅಂದ್ರೇನು ಅಜ್ಜ?” ಎಂದು ಕೇಳಿದ. ಎರಡು ಕಂಬ, ಅವುಗಳಿಗೆ ಅಡ್ಡಲಾಗಿ ಬಿದಿರು, ಬಿದಿರು ಬಿದ್ದರೆ ದಾರಿ ತೆರೆದಂತೆ ಎಂದು ಕೈಯಾಡಿಸಿ ವಿವರಿಸಿದೆ. ಅವನಿಗೆ ಥಟ್ಟನೆ ತಿಳಿಯಿತು.

“ಓ, ವಿಕೆಟ್ ಇದ್ದ ಹಾಗೆ” ಎಂದ.

ಹೌದಪ್ಪ, ವಿಕೆಟ್ ಇದ್ದ ಹಾಗೆ ಎಂದೆ. ನಾಲ್ಕು ಮಡಿಕೆಯ ಆ ಹಳೆಯ ಹಾಳೆಯನ್ನು ಅವನಿಗೆ ತೋರಿಸಿ ಮತ್ತೆ ನಿಘಂಟಿನೊಳಗೆ ಇಟ್ಟೆ.